ಎಡತಿರುಪು

ಸಾಲಗಾಮೆ ರಸ್ತೆಯಲ್ಲಿ, ಹಿಂದೆ ಆಲೂಗಡ್ಡೆ ಗೋದಾಮಾಗಿದ್ದ
ಕಟ್ಟಡದ ಮೊದಲ ಮಹಡಿ, ನನ್ನ ಕಚೇರಿ.
ಏನು ಕೆಲಸ ಎಂದು ಅತ್ತೆ ಕೇಳಿದರೆ
‘ಸಮನ್ವಯ’ ಎನ್ನುತ್ತೇನೆ.
ಯಾರಿಗೂ ಯಾರಿಗೂ ಎಂದು ಅವರು ಮುಂದೆ ಕೇಳಿಲ್ಲ,
ಮದುವೆ ದಲ್ಲಾಳಿ ಅಂದುಕೊಂಡಿರಬೇಕು.

ಒಂದು ರೀತಿ ಹೌದು.
ಹಿಸಾಕೊ ಬರೆದ ಸಾಲಿಗೂ ಯೋಖೆನ್ ಬರೆದ ಸಾಲಿಗೂ
ಗಣ ಕೂಡಿಸುತ್ತೇನೆ, ಗೋತ್ರ ನೋಡುತ್ತೇನೆ,
ಕೂಡದಿದ್ದರೆ ನೋವಾಗದಂತೆ ವಾಪಸು ಕಳಿಸುತ್ತೇನೆ.
ಹದಿನಾಲ್ಕು ಜನ, ಒಂಬತ್ತು ಊರು, ಒಂದೇ ತಂತ್ರಾಂಶ.
ಅದರ ಹೊಟ್ಟೆಯೊಳಗೆ, ಈಗ ಇಲ್ಲದ ಯಾರೋ ಹಿರಿಯರ
ಮುನ್ನೂರು ಸಾಲು ಫೋರ್ಟ್ರಾನ್.
ಮೇಲೊಂದು ಟಿಪ್ಪಣಿ: ಮುಟ್ಟಬೇಡಿ, ಯಾಕೆಂದು ಆಮೇಲೆ ಬರೆಯುತ್ತೇನೆ.
ಬರೆಯಲಿಲ್ಲ.
ನಾವು ಮುಟ್ಟಿಲ್ಲ.

ಕೆಳಗೆ ಹದಿನೆಂಟು ಡಿಗ್ರಿಯ ಕೋಣೆಯಲ್ಲಿ
ಅಂಗಮಾರಿ ರೋಗಾಣುವಿನ ಒಂದು ಪ್ರೋಟೀನು
ಹರಳುಗಟ್ಟಲು ಎಂಟು ತಿಂಗಳು ತೆಗೆದುಕೊಂಡಿತು.
ವಾರದೊಳಗೆ ಹೊಲಕ್ಕೆ ಹೊಲವನ್ನೇ ಕಪ್ಪಾಗಿಸುವುದಕ್ಕೆ
ಇಲ್ಲಿ ಯಾಕೋ ಅವಸರವೇ ಇಲ್ಲ.
ಆ ಕೋಣೆಗೆ ಜವರಪ್ಪ ಕಾವಲು: ಯುಪಿಎಸ್, ಸಿಲಿಂಡರು, ಇಲಿ.
ಕರೆಂಟು ಹೋದರೆ ಮೊದಲು ಕೇಳುವುದು ಅವರ ಚಪ್ಪಲಿ ಸದ್ದು.

ಹರಳನ್ನು ದೂರದ ಯಂತ್ರಕ್ಕೊಯ್ದು ಕ್ಷ-ಕಿರಣ ಬಿಟ್ಟರೆ
ಸಿಗುವುದು ಬರೀ ಚುಕ್ಕಿ.
ರಂಗೋಲಿಗೆ ಚುಕ್ಕಿ ಇಟ್ಟವರು
ಎಳೆ ಎಳೆಯದೆ ಎದ್ದು ಹೋದಂತೆ.
ಯಾವ ಚುಕ್ಕಿ ಎಷ್ಟು ಪ್ರಖರ, ಅದು ತಿಳಿಯುತ್ತದೆ;
ಅಲೆ ಯಾವ ಗಳಿಗೆಯಲ್ಲಿ ಎದ್ದಿತ್ತು, ಅದು ತಿಳಿಯುವುದಿಲ್ಲ.
ಆ ಗಳಿಗೆ ಹುಡುಕುವುದೇ ನಮ್ಮ ತಂತ್ರಾಂಶದ ಬಾಳು.

ನನ್ನದೂ.
‘ಯಾಕೆ?’ ಎಂದು ಯೋಖೆನ್ ಒಂದೇ ಪದ ಕಳಿಸಿದಾಗ
ಅದರ ಪ್ರಖರತೆ ನನ್ನ ಪರದೆಗೆ ಬರುತ್ತದೆ;
ಅವನಿಗದು ನಡುರಾತ್ರಿಯೋ, ಮಗು ಅಳುತ್ತಿತ್ತೋ,
ಬರೀ ಕುತೂಹಲವೋ,
ಆ ಗಳಿಗೆ ದಾರಿಯಲ್ಲೇ ಕಳೆದಿರುತ್ತದೆ.
ಊಹಿಸಿ ಇಟ್ಟು ನೋಡುತ್ತೇನೆ.
ಚಿತ್ರ ಕೂಡಿಬಂದರೆ ಊಹೆ ಸರಿ.

ಮಾರ್ಚಿಯ ಆ ವಾರ ಕೂಡಿಬರಲಿಲ್ಲ.
ಹೊಸ ಆವೃತ್ತಿ ಶುಕ್ರವಾರಕ್ಕೆ. ಪರೀಕ್ಷೆಗಳೆಲ್ಲ ಹಸಿರು.
ಪೆನ್ಷನ್ ಮೊಹಲ್ಲಾದ ನಫೀಸಾ, ಉಪವಾಸ ಬಿಟ್ಟ ಕೈಯಲ್ಲೇ
ಖರ್ಜೂರದ ಡಬ್ಬಿ ಪಕ್ಕಕ್ಕೆ ಸರಿಸಿ ನಕ್ಷೆ ತಿರುಗಿಸುತ್ತಾ
‘ಚೆನ್ನಾಗಿದೆ ಮೇಡಂ, ಆದರೆ ಸರಿಯಿಲ್ಲ’ ಅಂದಳು.
ನನಗೆ ಸುರುಳಿಗಳು ಸುರುಳಿಗಳಂತೆಯೇ ಕಂಡವು.
ಬೀಗದ ಗೊಂಚಲು ಹಿಡಿದು ಬಂದ ಜವರಪ್ಪ
ಬಾಗಿಲಲ್ಲೇ ನಿಂತು ನೋಡಿದರು:
‘ಇದು ಉರಿಯೋ ಗ್ಯಾಸಿನ ತಿರುಪು ಕಣಮ್ಮ.’
ಏನು?
‘ನೈಟ್ರೋಜನ್ನು, ಗಾಳಿ, ಎಲ್ಲಾ ಬಲಕ್ಕೆ ಬಿಗೀತದೆ.
ಉರಿಯೋದು ಮಾತ್ರ ಎಡಕ್ಕೆ. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ.’

ಜೀವದ ಸುರುಳಿ ಬಲಕ್ಕೆ ಹೊರಳಬೇಕು.
ಕನ್ನಡಿಯೊಳಗಿನ ಅಂಗಮಾರಿ ಯಾವ ಗಿಡವನ್ನೂ ಕೊಲ್ಲುವುದಿಲ್ಲ.

ರಾತ್ರಿ ಒಂದೂವರೆಗೆ ಸಿಕ್ಕಿತು.
ಡಿಟೆಕ್ಟರಿನ ಒಂದು ಅಕ್ಷ ಹಿಂದುಮುಂದು ಎಂದು
ಕಡತ ಓದುವಲ್ಲಿ ಹಿಸಾಕೊ ಒಂದು ಮೈನಸ್ ಹಾಕಿದ್ದಳು.
ಅದೇ ಕಾರಣಕ್ಕೆ, ಅದೇ ಮಂಗಳವಾರ,
ಲೆಕ್ಕ ಹಾಕುವಲ್ಲಿ ಯೋಖೆನ್ ಇನ್ನೊಂದು.
ಇಬ್ಬರದೂ ಸರಿ. ಎರಡನ್ನೂ ಒಪ್ಪಿದವಳು ನಾನು,
ಹತ್ತು ನಿಮಿಷದ ಅಂತರದಲ್ಲಿ, ಬಸ್ಸಿನಲ್ಲಿ ನಿಂತು.

ಯಾರ ಮೈನಸ್ ತೆಗೆಯುವುದು?
ಗಣಿತ ಇದಕ್ಕೆ ಬಾಯಿ ಬಿಡುವುದಿಲ್ಲ.
ಹಿಸಾಕೊಗೆ ಬೆಳಗಾಗುತ್ತಿತ್ತು. ಯೋಖೆನ್‌ಗೆ ಇನ್ನೂ ನಿನ್ನೆ.
ಇಬ್ಬರಿಗೂ ಬೇರೆ ಬೇರೆ ಬರೆದೆ, ಮೊದಲ ವಾಕ್ಯ ಮಾತ್ರ ಒಂದೇ:
ತಪ್ಪು ನನ್ನದು.
ಎದ್ದು ನೋಡಿದರೆ ಇಬ್ಬರೂ, ಸಂಕೋಚಕ್ಕೆ,
ತಂತಮ್ಮದನ್ನು ಅಳಿಸಿದ್ದರು.
ಸುರುಳಿ ಮತ್ತೆ ಎಡಕ್ಕೆ.

ಒಂದನ್ನು ಮರಳಿ ಬರೆದೆ. ಯಾರದೆಂದು ಹೇಳುವುದಿಲ್ಲ.

ಶುಕ್ರವಾರ ಹೆಸರುಗಳ ಪಟ್ಟಿಗೆ ಹದಿನೈದನೆಯದು ಸೇರಿಸಿದೆ:
ಜವರಪ್ಪ, ಹಾಸನ.
ಬರೆದದ್ದು ಯಾವ ಸಾಲು ಎಂಬುದಕ್ಕೆ ಯೋಖೆನ್
‘ಯಾವುದು?’ ಎಂದಷ್ಟೇ ಕಳಿಸಿದ.
ನಡುರಾತ್ರಿಯೋ, ಕುತೂಹಲವೋ.
ಉತ್ತರ ಅರ್ಧ ಬರೆದಿದ್ದೆ, ಕರೆಂಟು ಹೋಯಿತು.
ಕೆಳಗೆ ಚಪ್ಪಲಿ ಸದ್ದು.